ಎಳನೀರು ಮಂಡಿಯಲ್ಲಿ ಒಂದು ಉದ್ದನೆಯ ಪದ

ಹಾಗಂತ ದೊಡ್ಡಸಿದ್ದಣ್ಣನಿಗೆ ಇಂಗ್ಲಿಷ್ ಪೂರ್ತಿ ಬರುತ್ತೆ ಅಂತಲ್ಲ. ಹೆಚ್ಚೆಂದರೆ ಐವತ್ತು ಪದ. ಆದರೆ ಅದರಲ್ಲಿ ಒಂದನ್ನು ಅವರು ಬಳಸಿದ್ದನ್ನು ಮದ್ದೂರಿನ ಎಳನೀರು ಮಂಡಿ ಇನ್ನೂ ಮರೆತಿಲ್ಲ!

ಅವರು ಅಲ್ಲಿ ಮೂವತ್ತು ವರ್ಷದಿಂದ ಎಳನೀರು ವಿಂಗಡಿಸುತ್ತಾರೆ. ಬೆರಳ ಗಿಣ್ಣಿನಿಂದ ಟಕ್ ಅಂತ ಬಡಿದು, ಸದ್ದು ಕೇಳಿ, ಬರೀ ನೀರಿನದು ಒಂದು ಕಡೆ, ಗಂಜಿಯದು ಒಂದು ಕಡೆ, ಬಲಿತದ್ದು ಇನ್ನೊಂದು ಕಡೆ. ಹೊರಗಿನ ವ್ಯಾಪಾರಿಗಳ ಮಾತು ತಿಳಿಯಲಿ ಅಂತ ಭಾನುವಾರ ರುಕ್ಸಾರ್ ಮೇಡಂ ನಡೆಸುವ ಇಂಗ್ಲಿಷ್ ಕ್ಲಾಸಿಗೆ ಬರುತ್ತಾರೆ. ನಾನೂ ಅಲ್ಲೇ ಕಲಿಯೋದು, ಅವರದು ನನ್ನ ಪಕ್ಕದ ಬೆಂಚು.

ಒಂದು ವಾರ ‘ಇಂಡಿಸ್ಕ್ರಿಮಿನೇಟ್ಲಿ’ ಪಾಠ.

“ನೋಡದೆ, ಆರಿಸದೆ ಮಾಡೋದು” ಅಂದರು ಮೇಡಂ. “ಹೊಗಳೋಕೆ ಬಳಸಲ್ಲ. ಸಿಕ್ಕಿದ ಮರ ಎಲ್ಲ ಕಡಿದ್ರು, ಕಂಡಕಂಡ ಮಾತ್ರೆ ನುಂಗಿದ್ರು, ಅಂಥ ಕಡೆ ಬಳಸೋದು.”

“ಗೊನೆಗೊನೆನೇ ಕುಯ್ದು ಎಲ್ಲಾನೂವೆ ಒಂದೇ ಲಾರಿಗೆ ತುಂಬ್ತಾರಲ್ಲ ಮೇಡಮ್ಮೋರೆ, ಅದ್ಕೂ ಇದೇಯಾ?” ಅಂತ ದೊಡ್ಡಸಿದ್ದಣ್ಣ ಕೇಳಿದರು.

“ಅದಕ್ಕೇ ಕಣಣ್ಣ!”

ವಾರವಿಡೀ ಮಂಡಿಯಲ್ಲಿ ಅವರದು ಅದೇ ಪದದ ಜಪ. ಜೊತೆ ಕೆಲಸದ ಅಂಕಯ್ಯ ರೇಗಿಸಿದ: “ಲೇ ಸಿದ್ದ, ಗಂಟ್ಲಿಗೆ ಸಿಕ್ಕಾಕ್ಕಂಡಾತು, ಬುಡ್ಲಾ!”

ಮರುವಾರದ ಮಂಗಳವಾರ ದೆಹಲಿಯ ವ್ಯಾಪಾರಿ ಕೆಂಡವಾಗಿ ಬಂದ. ಹಿಂದಿನ ಲಾರಿಯಲ್ಲಿ ಅರ್ಧದಷ್ಟು ಕಾಯಿ ಬಲಿತದ್ದಂತೆ. ವಿಂಗಡಿಸುವವನನ್ನು ತೆಗೆಯಿರಿ ಅಂತ ಇಂಗ್ಲಿಷಿನಲ್ಲಿ ಕೂಗಾಡಿದ. ಆ ಲೋಡು ಮಂಡಿಗೇ ಬಂದಿರಲಿಲ್ಲ. ವ್ಯಾಪಾರಿಯ ಹುಡುಗರೇ ತೋಟದಲ್ಲಿ ಕೊಯ್ದು ನೇರ ತುಂಬಿದ್ದರು. ಮಂಡಿ ಮಾಲೀಕರು ಶಶಿಧರ್ ಗಿರಾಕಿ ತಪ್ಪೀತು ಅಂತ ಸುಮ್ಮನಿದ್ದರು. ಮೂವತ್ತು ವರ್ಷದ ಹೆಸರು ಅವತ್ತೇ ಹೋಗುವುದರಲ್ಲಿತ್ತು.

ದೊಡ್ಡಸಿದ್ದಣ್ಣ ಎದುರಿಗೇ ಹೋಗಿ ನಿಂತರು. “ಸಾರ್. ಯುವರ್ ಬಾಯ್ಸ್ ಕಟ್ ಇಂಡಿಸ್ಕ್ರಿಮಿನೇಟ್ಲಿ. ಐ ಲಿಸನ್” ಅಂತ ಪಕ್ಕದ ಕಾಯಿಯೊಂದನ್ನು ಟಕ್ ಅಂತ ಬಡಿದು ತೋರಿಸಿದರು.

ಪರೀಕ್ಷೆ ಮಾಡಿಯೇಬಿಡೋಣ ಅಂತ ವ್ಯಾಪಾರಿ ರಾಶಿಯಿಂದ ತಾನೇ ಹತ್ತು ಕಾಯಿ ಆರಿಸಿ ಮುಂದಿಟ್ಟ. ದೊಡ್ಡಸಿದ್ದಣ್ಣ ಬಡಿದರು, “ನೀರು, ನೀರು, ಗಂಜಿ, ಬಲ್ತದೆ” ಅಂತ ಹೇಳುತ್ತಾ ಹೋದರು. ಅಂಕಯ್ಯ ಒಂದೊಂದನ್ನೇ ಮಚ್ಚಿನಲ್ಲಿ ಕೊಚ್ಚಿ ತೋರಿಸಿದ. ಹತ್ತಕ್ಕೆ ಹತ್ತೂ ಸರಿ!

ವ್ಯಾಪಾರಿ ತನ್ನ ಹುಡುಗರನ್ನು ಕರೆದು, ಇನ್ನು ಇವರ ಕೈ ಮುಟ್ಟದೆ ಒಂದು ಕಾಯಿಯೂ ಲಾರಿ ಹತ್ತಬಾರದು ಅಂದ. ಅಂಕಯ್ಯ ಕೂಗಿದ, “ಅದೇನ್ಲಾ ಆ ಪದ, ಇನ್ನೊಂದ್ ಸಲ ಯೋಳ್ಲಾ!”

ನಂಬಿಕೆ ಬರಲಿಲ್ವಾ? ಬೆಳಿಗ್ಗೆ ಮದ್ದೂರಿನ ಮಂಡಿಗೆ ಹೋಗಿ, ದೊಡ್ಡಸಿದ್ದಣ್ಣ ಎಲ್ಲಿ ಅಂತ ಕೇಳಿ, ಮಾತಾಡಿಸಿ. “ಯಾವುದಾದ್ರೂ ಒಂದು ಎಳನೀರು ಕೊಡಿ” ಅಂತ ಮಾತ್ರ ಅನ್ನಬೇಡಿ, ಬೈಸಿಕೊಳ್ತೀರಿ!