ಪಲ್ಪರ್ ನೀರು ಮತ್ತು ಎರಡು ಕೊಡ

ಒಂದು ಸಮಾಜ ಎಷ್ಟು ನಾಗರಿಕವಾಗಿದೆ ಎಂಬುದನ್ನು ಅದು ಕುಡಿಯುವ ನೀರಿನಿಂದಲ್ಲ, ಹೊರಕ್ಕೆ ಬಿಡುವ ನೀರಿನಿಂದ ಅಳೆಯಬೇಕು. ಸ್ಯಾನಿಟರಿ ಇನ್ಸ್‌ಪೆಕ್ಟರ್ ತರಬೇತಿಯಲ್ಲಿ ಈ ಘನವಾದ ಮಾತನ್ನು ನಮಗೆ ಬೋಧಿಸಿದ ಮೇಷ್ಟರ ಮನೆಯ ಬಚ್ಚಲ ನೀರು ಪಕ್ಕದ ಮನೆಯವರ ತುಳಸಿಕಟ್ಟೆಯ ಬುಡಕ್ಕೆ ಹೋಗುತ್ತಿತ್ತು.

ನಾನು ಸೋಮವಾರಪೇಟೆಗೆ ಸ್ಯಾನಿಟರಿ ಇನ್ಸ್‌ಪೆಕ್ಟರಾಗಿ ಬಂದದ್ದು ೧೯೫೩ರಲ್ಲಿ. ಕೊಡಗು ಆಗ ಇನ್ನೂ ಸ್ವಂತ ರಾಜ್ಯ. ಇಡೀ ಮಂತ್ರಿಮಂಡಲವನ್ನು ಒಂದೇ ಕಾರಿನಲ್ಲಿ ಕೂರಿಸಿ, ಡ್ರೈವರ್ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಡಬಹುದಿತ್ತು. ಇಂಥ ಸಣ್ಣ ರಾಜ್ಯದಲ್ಲಿ ಒಂದು ಅನಾನುಕೂಲವಿದೆ: ಎಲ್ಲರಿಗೂ ಎಲ್ಲರೂ ಗೊತ್ತು. ಯಾರ ಮೇಲೆ ನೋಟೀಸು ಬರೆದರೂ ಶಾಯಿ ಒಣಗುವ ಮೊದಲೇ ಮಡಿಕೇರಿಯಲ್ಲಿ ಅವರ ಭಾವನೋ ಬೀಗರೋ ಅದನ್ನು ಓದಿರುತ್ತಿದ್ದರು. ಸರ್ಕಾರ ನನಗೆ ಕೊಟ್ಟದ್ದು ಒಂದು ಸೈಕಲ್ಲು, ಬ್ಲೀಚಿಂಗ್ ಪೌಡರಿನ ಒಂದು ಡಬ್ಬ, ನೀರಿನ ಸ್ಯಾಂಪಲ್ ಹಿಡಿಯುವ ಆರು ಬಾಟಲಿ ಮತ್ತು ನೋಟೀಸಿನ ಪುಸ್ತಕ. ಪ್ರಾಯ ಇಪ್ಪತ್ತಾರು. ಈ ನಾಲ್ಕರಿಂದಲೇ ಜಗತ್ತನ್ನು ತೊಳೆದುಬಿಡುವ ಅಂದಾಜಿನಲ್ಲಿದ್ದೆ.

ಆ ಡಿಸೆಂಬರಿನಲ್ಲಿ ಒಂದು ದಿನ, ಸಂತೆ ಮುಗಿಸಿಕೊಂಡು ಒಬ್ಬ ಹೆಂಗಸು ಕಚೇರಿಗೆ ಬಂದಳು. ಕಲ್ಲಾರೆ ಎಂಬ ಹದಿನಾಲ್ಕು ಮನೆಯ ಊರಿನ ದೇವಮ್ಮ. ಐವತ್ತರ ಆಸುಪಾಸು, ಗಂಡ ತೀರಿಹೋಗಿದ್ದ, ಇಬ್ಬರು ಹೆಣ್ಣುಮಕ್ಕಳು. ಕಂಕುಳಲ್ಲಿದ್ದ ತಂಬಿಗೆಯನ್ನು ನನ್ನ ಮೇಜಿನ ಮೇಲಿಟ್ಟು, ಮುಚ್ಚಿದ ಬಾಳೆಲೆ ತೆಗೆದಳು. ಒಳಗೆ ಹಳಸಿದ ಕಷಾಯದ ಬಣ್ಣದ ನೀರು. ವಾಸನೆ ಬಂದದ್ದೇ ಮೇಜಿನ ಆಚೆ ಬದಿಯ ಗುಮಾಸ್ತರು ಸಾವಕಾಶವಾಗಿ ಎದ್ದು ಹೊರಗೆ ಹೋದರು.

“ಕುಡೀರಿ ಸ್ವಾಮಿ,” ಎಂದಳು ದೇವಮ್ಮ.

“ಏನಮ್ಮ ಇದು?”

“ನಮ್ಮೂರ ಹಳ್ಳದ ನೀರು. ನನ್ನ ಹಿರೇಮಗಳು ಬಾಣಂತನಕ್ಕೆ ಬಂದವ್ಳೆ. ಇದರಲ್ಲೇ ಎರೀಬೇಕಾ ಅವಳಿಗೆ? ನೀವೊಂದು ಗುಟುಕು ಕುಡಿದು ತೋರಿಸಿ, ಎರೀತೀನಿ.”

ನಾನು ಕುಡಿಯಲಿಲ್ಲ. ಇದನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ.

ಬಾಣಂತಿಗೆ ನಮ್ಮ ಕಡೆ ಎಷ್ಟು ನೀರು ಎರೆಯುತ್ತಾರೆ ಎಂಬುದು ಗಂಡಸರಿಗೆ ಸರಿಯಾಗಿ ಗೊತ್ತಿರುವುದಿಲ್ಲ. ತಾಯಿಗೊಂದು ಹಂಡೆ, ಮಗುವಿಗೆ ಅರ್ಧ ಹಂಡೆ, ಬಟ್ಟೆಗೆ ಬೇರೆ. ಅದೂ ದಿನಾ, ಮೂರು ತಿಂಗಳು. ಮನೆಯ ಕೆಳಗೇ ಹರಿಯುವ ಹಳ್ಳ ಬಿಟ್ಟು ಗುಡ್ಡದ ಆಚೆಯ ಒರತೆಯಿಂದ ದೇವಮ್ಮ ಅಷ್ಟನ್ನೂ ಹೊರುತ್ತಿದ್ದಳು. ಹೋಗಿ ಬರಲು ಒಂದೂವರೆ ಮೈಲಿ, ಅರ್ಧ ದಾರಿ ಜಾರುಬಂಡೆ. ಕಲ್ಲಾರೆಯ ಎಲ್ಲ ಹೆಂಗಸರ ಪಾಡೂ ಇದೇ. ದೇವಮ್ಮ ಮಾತ್ರ ತಂಬಿಗೆ ತಂದಿದ್ದಳು.

“ಮುಂದಿನ ವರ್ಷ ಕಿರೇಮಗಳ ಸರದಿ ಬಂದ್ರೂ ಬಂತು. ಇನ್ನೊಂದ್ಸಲ ಹೊರೋಕೆ ಈ ಸೊಂಟ ಒಪ್ಪಲ್ಲ. ಅಷ್ಟರಲ್ಲಿ ಹಳ್ಳ ತಿಳಿಯಾಗ್ಬೇಕು. ಆಗ್ತದಾ ಇಲ್ವಾ ಹೇಳ್ಬಿಡಿ, ತಂಬಿಗೆ ತಗೊಂಡು ಹೋಗ್ತೀನಿ.”

“ಆಗುತ್ತೆ,” ಎಂದೆ. ಇಪ್ಪತ್ತಾರು ವರ್ಷ ಎಂದು ಮೊದಲೇ ಹೇಳಿದ್ದೇನಲ್ಲ.

ಹಳ್ಳ ಕೆಡಲು ಕಾರಣ ಕಲ್ಲಾರೆಯ ಮೇಲೆ ಅರ್ಧ ಮೈಲಿಗಿರುವ ಕಾಫಿ ಎಸ್ಟೇಟು. ಜನ ಅದನ್ನು ಮೇಲ್ತೋಟ ಎನ್ನುತ್ತಿದ್ದರು. ಓದುಗರಿಗೆ ಒಂದಿಷ್ಟು ವಿವರಣೆ ಬೇಕು. ಕೊಯ್ದ ಕಾಫಿಹಣ್ಣನ್ನು ಪಲ್ಪರ್ ಎಂಬ ಯಂತ್ರಕ್ಕೆ ಹಾಕಿ ನೀರು ಬಿಟ್ಟು ಸಿಪ್ಪೆ ಸುಲಿಯುತ್ತಾರೆ. ಬೀಜಕ್ಕೆ ಲೋಳೆ ಅಂಟಿಕೊಂಡಿರುತ್ತದೆ. ಅದನ್ನು ತೊಟ್ಟಿಯಲ್ಲಿ ಒಂದೆರಡು ದಿನ ಹುಳಿಬರಿಸಿ, ಆಮೇಲೆ ಚೊಕ್ಕ ನೀರಿನಲ್ಲಿ ತೊಳೆದು ಒಣಗಿಸಬೇಕು. ಈ ಸಿಪ್ಪೆಯ ನೀರು, ಲೋಳೆಯ ನೀರು ಹೊರಗೆ ಬಂದ ಮೇಲೆ ಹಳ್ಳದಲ್ಲಿ ಕೊಳೆಯುತ್ತದೆ. ಕೊಳೆಯುವಾಗ ನೀರಿನ ಪ್ರಾಣವಾಯುವನ್ನೆಲ್ಲ ತಾನೇ ತಿಂದುಹಾಕುತ್ತದೆ. ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ, ಮೈಗೆ ಸೋಕಿದರೆ ತುರಿಕೆ. ಪಲ್ಪರ್ ನಿಲ್ಲಿಸಿದ ತಿಂಗಳೊಳಗೆ ಹಳ್ಳ ಏನೂ ಆಗಿಲ್ಲವೆಂಬಂತೆ ತಿಳಿಯಾಗಿಬಿಡುತ್ತದೆ. ಈ ಕೊನೆಯ ವಾಕ್ಯವನ್ನು ದಯವಿಟ್ಟು ನೆನಪಿಡಿ.

ಪರಿಹಾರ ಬ್ರಹ್ಮವಿದ್ಯೆಯೇನಲ್ಲ. ಸಾಲಾಗಿ ಮೂರು ಗುಂಡಿ: ಒಂದರಲ್ಲಿ ಸಿಪ್ಪೆ ತಂಗಲಿಕ್ಕೆ, ಎರಡನೆಯದರಲ್ಲಿ ಸುಣ್ಣ ಹಾಕಿ ಹುಳಿ ಮುರಿಯಲಿಕ್ಕೆ, ಮೂರನೆಯದು ನೆಲಕ್ಕೆ ಇಂಗಲಿಕ್ಕೆ. ದೇವಮ್ಮನಂಥವರ ಹಿತ್ತಿಲಲ್ಲಿ ಇದು ಹೆಸರಿಲ್ಲದೆ ಮೊದಲಿನಿಂದಲೂ ಇತ್ತು. ಬಚ್ಚಲ ಕಂಡಿಯ ಹೊರಗೆ ಕೆಸು, ಅದರಾಚೆ ಬಾಳೆ, ಅಲ್ಲಿಗೆ ನೀರಿನ ಪ್ರಯಾಣ ಮುಕ್ತಾಯ. “ನಮ್ಮ ಬಚ್ಚಲ ನೀರು ನಮ್ಮ ಬಾಳೆಬುಡ ದಾಟಲ್ಲ,” ಎಂದಿದ್ದಳು ಅವಳು. “ಅಷ್ಟು ದೊಡ್ಡ ತೋಟ ಇಟ್ಕೊಂಡು ಅವರದ್ಯಾಕೆ ನಮ್ಮ ಅಡಿಗೆಮನೆಗೆ ಬರ್ಬೇಕು?”

ಮೇಲ್ತೋಟದ ಮಾಲೀಕರು ರುದ್ರಪ್ಪನವರು. ಹಣೆತುಂಬ ವಿಭೂತಿ, ಎತ್ತರದ ಆಳು, ಮಾತು ಬೆಣ್ಣೆ. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು, ನನ್ನ ನೋಟೀಸನ್ನು ಎರಡು ಸಲ ಓದಿದರು.

“ಇನ್ಸ್‌ಪೆಕ್ಟ್ರೇ, ಅಕ್ಷರ ಬಹಳ ಚೆನ್ನಾಗಿದೆ. ಮೇಷ್ಟ್ರಾಗಬೇಕಿತ್ತು ನೀವು.”

“ಹದಿನೈದು ದಿನದೊಳಗೆ ಗುಂಡಿ ಆಗಬೇಕು ಸ್ವಾಮಿ.”

“ಆಗ್ಲಿ ಆಗ್ಲಿ. ನೋಟೀಸನ್ನ ಎಲ್ಲರಿಗೂ ಕಾಣೋ ಕಡೆ ಅಂಟಿಸಬೇಕು ಅಂತ ಬರೆದಿದೀರಲ್ಲ, ಅದನ್ನಂತೂ ಇವತ್ತೇ ಮಾಡಿಸ್ತೀನಿ.”

ಮಾಡಿಸಿದರು. ಹದಿನಾರನೆಯ ದಿನ ಹೋದಾಗ ಗುಂಡಿಯ ಸುಳಿವಿರಲಿಲ್ಲ. ಎಸ್ಟೇಟಿನ ರೈಟರು, ಅಂದರೆ ಲೆಕ್ಕಪತ್ರದ ಗುಮಾಸ್ತ, ಮುಖ ಬಿಗಿಹಿಡಿದು ನನ್ನನ್ನು ಕೂಲಿಲೈನಿನ ಸಾಲುಮನೆಗಳ ಹಿಂದಕ್ಕೆ ಕರೆದುಕೊಂಡು ಹೋದ. ನೋಟೀಸು ಅಲ್ಲಿತ್ತು, ಕಕ್ಕಸಿನ ಬಾಗಿಲ ಮೇಲೆ. ಒಳಬದಿಗೆ, ಕೂತವರ ಕಣ್ಣಿನ ಮಟ್ಟಕ್ಕೆ. “ಎಲ್ಲರೂ ದಿನಕ್ಕೊಂದ್ಸಲ ಓದ್ತಾರೆ ಸಾರ್,” ಎಂದ ರೈಟರು. ಲೈನಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಅಂಟು ನೆನೆಸಿ, ಹರಿಯದಂತೆ ಬಿಡಿಸಿಕೊಂಡು, ಮಡಿಸಿ ಜೇಬಿಗಿಟ್ಟೆ.

ಅಷ್ಟೇ ಆಗಿದ್ದರೆ ಮರೆಯುತ್ತಿದ್ದೆನೋ ಏನೋ. ರುದ್ರಪ್ಪನವರು ಮಡಿಕೇರಿಗೂ ಒಂದು ಪತ್ರ ಬರೆದಿದ್ದರು. “ಪಲ್ಪರಿನ ನೀರು ಹಣ್ಣಿನ ರಸವೇ ಹೊರತು ಬೇರೆಯಲ್ಲ. ಅದು ಸೇರಿದ ಹಳ್ಳದ ನೀರಿನಿಂದ ಮನುಷ್ಯರಿಗಾಗಲಿ, ದನಕರುಗಳಿಗಾಗಲಿ, ಯಾವುದೇ ಕೆಲಸಕ್ಕಾಗಲಿ ಏನೊಂದೂ ಬಾಧಕವಿಲ್ಲವೆಂದು ದೃಢೀಕರಿಸುತ್ತೇನೆ.” ಕೆಳಗೆ ದಪ್ಪ ರುಜು. ಅದರ ಒಂದು ನಕಲು ನನಗೆ ಬಂತು; ಜೊತೆಗೆ ನನ್ನ ‘ಅತಿಯಾದ ಉತ್ಸಾಹ’ದ ಬಗ್ಗೆ ಮೇಲಧಿಕಾರಿಗಳ ಒಂದು ಮೆಮೊ. ನೋಟೀಸು ವಜಾ. ಸರ್ಕಾರಿ ನೌಕರನ ಮೇಲೆ ಸೋಮಾರಿತನದ ಆರೋಪ ಬರುವುದುಂಟು. ಉತ್ಸಾಹದ ಆರೋಪ ಹೊತ್ತವನು ಆ ತಾಲ್ಲೂಕಿನಲ್ಲಿ ನಾನೇ ಮೊದಲಿಗ.

ಕಕ್ಕಸಿನ ನೋಟೀಸನ್ನೂ ಆ ಪತ್ರವನ್ನೂ ಒಟ್ಟಿಗೆ ಟಾಗು ಕಟ್ಟಿ ಮೇಜಿನ ಡ್ರಾಯರಿನಲ್ಲಿಟ್ಟೆ. ಬೆಳಿಗ್ಗೆ ಕಚೇರಿಗೆ ಬಂದವನೇ ತೆಗೆದು ನೋಡುವುದು, ಮತ್ತೆ ಮುಚ್ಚುವುದು. ಕೆಲವರು ದೇವರ ಪಟ ನೋಡುತ್ತಾರೆ. ಸೇಡು ಎಳೆಬಿದಿರಿನ ಕಣಿಲೆಯ ಹಾಗೆ. ಕೊಯ್ದ ದಿನವೇ ಬಾಯಿಗಿಟ್ಟರೆ ಕಹಿ, ನೆನೆಹಾಕಿ ದಿನಾ ನೀರು ಬದಲಿಸುತ್ತಿರಬೇಕು. ನಾನು ಬದಲಿಸುತ್ತಿದ್ದೆ.

ಯುಗಾದಿಯ ಹೊತ್ತಿಗೆ ದೇವರು ಕಣ್ಣುಬಿಟ್ಟ. ರುದ್ರಪ್ಪನವರು ಮಗಳ ಮದುವೆ ಮಾಡಿ, ಅಳಿಯ ಶಿವಲಿಂಗುವಿಗೆ ಕಲ್ಲಾರೆಯ ಕೆಳಗಿನ ತೋಟವನ್ನು ಕೊಡಿಸಿದರು. ಅಲ್ಲಿ ಹೊಸ ಪಲ್ಪರ್ ಕೂರಿಸಬೇಕು. ನೀರು ಎಲ್ಲಿಂದ, ಹೊಲಸು ಎಲ್ಲಿಗೆ ಎಂಬ ಬಗ್ಗೆ ನಮ್ಮ ಕಚೇರಿಯ ವರದಿ ಬೇಕು. ಜಾಗ ನೋಡಲು ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದರು. ನೀರಿನ ಮೂಲ ಅದೇ ಹಳ್ಳ.

ಏಪ್ರಿಲ್ ತಿಂಗಳು. ಕೊಯ್ಲು ಮುಗಿದು ಪಲ್ಪರ್ ನಿಂತು ಎರಡು ತಿಂಗಳಾಗಿತ್ತು. ಹಳ್ಳದ ತಳದ ಕಲ್ಲುಗಳನ್ನು ಎಣಿಸಬಹುದಿತ್ತು. “ಹೆಂಗಿದೆ ನೋಡಿ ನೀರು, ಎಳನೀರು!” ಎಂದು ಬೊಗಸೆಯಲ್ಲಿ ಎತ್ತಿ ಕುಡಿದರು ರುದ್ರಪ್ಪನವರು. ಅವರು ನಟಿಸುತ್ತಿರಲಿಲ್ಲ. ಹತ್ತು ವರ್ಷ ಬೇರೆಯವರಿಗೆ ಹೇಳಿದ ಸುಳ್ಳನ್ನು ಮನುಷ್ಯ ಕೊನೆಗೆ ತಾನೇ ನಂಬುತ್ತಾನೆ. ಜೊತೆಗೆ ಅವರ ಕಾರು ಓಡಾಡುವುದು ಮೇಲಿನ ರಸ್ತೆಯಲ್ಲಿ. ತಮ್ಮ ತೋಟದ ಬೇಲಿಯಾಚೆ ಡಿಸೆಂಬರಿನ ಹಳ್ಳವನ್ನು ಅವರು ಒಮ್ಮೆಯೂ ನೋಡಿದವರಲ್ಲ.

ನಾನು ಬಾಯಿಬಿಡಬಹುದಿತ್ತು. ಒಂದೇ ಒಂದು ವಾಕ್ಯ ಸಾಕಿತ್ತು. ಅದರ ಬದಲು ವರದಿಯಲ್ಲಿ ಬರೆದೆ: “ನೀರಿನ ಮೂಲ: ಹಳ್ಳ. ಅದು ಎಲ್ಲ ಕೆಲಸಕ್ಕೂ ಯೋಗ್ಯವೆಂದು ಮೇಲ್ತೋಟದ ಮಾಲೀಕರು ದೃಢೀಕರಿಸಿರುವ ಪತ್ರವನ್ನು ಲಗತ್ತಿಸಿದೆ.” ಹೊಲಸಿಗೆ ಮೂರು ಗುಂಡಿ ಬೇಕೆಂದೆ, ಶಿವಲಿಂಗು ಹೊಸ ಅಳಿಯ, ಎರಡು ಮಾತಾಡದೆ ತೋಡಿಸಿದ. ಮುಂದಿನ ಎಂಟು ತಿಂಗಳು ನಾನು ಇಷ್ಟು ಹರ್ಷಚಿತ್ತನಾಗಿ ಕೆಲಸ ಮಾಡಿದ್ದನ್ನು ಗುಮಾಸ್ತರು ಹಿಂದೆಂದೂ ಕಂಡಿರಲಿಲ್ಲ.

ಡಿಸೆಂಬರ್ ಬಂತು. ಹೊಸ ಪಲ್ಪರಿಗೆ ಕಾಯಿ ಒಡೆದು ಪೂಜೆ ಮಾಡಿದರು. ಹತ್ತನೆಯ ದಿನಕ್ಕೆ ರುದ್ರಪ್ಪನವರು ಕಾರು ನಿಲ್ಲಿಸಿ ಕಚೇರಿಗೆ ನುಗ್ಗಿದರು. ಹಿಂದೆ ಶಿವಲಿಂಗು, ಕೈಯಲ್ಲೊಂದು ಚೀಲ. ಅದರಲ್ಲಿ ತೊಳೆದು ಒಣಗಿಸಿದ ಕಾಫಿಬೀಜ. ಬಾಯಿ ಬಿಚ್ಚಿದರೆ ಸಾಕು, ಹಿಂದಿನ ವರ್ಷದ ತಂಬಿಗೆಯ ವಾಸನೆ.

“ಕಾಫಿ ಡಿಪೋದೋರು ಮಾದರಿ ಮೂಸಿ ನೋಡಿ ವಾಪಸ್ ಕಳಿಸಿದಾರೆ ಕಣ್ರೀ! ಅಳಿಯನ ಮೊದಲ್ನೇ ಫಸಲು! ಯಾರೋ ಹಳ್ಳಕ್ಕೆ ಹೊಲಸು ಬಿಡ್ತಿದಾರೆ. ಕಲ್ಲಾರೆಯೋರೇ, ಎಮ್ಮೆ ತೊಳೀತಾರೆ. ಇವತ್ತೇ ನೋಟೀಸ್ ಕೊಡಿ!”

“ಕೊಡೋಣ ಸ್ವಾಮಿ,” ಎಂದೆ ಗಂಭೀರವಾಗಿ. “ಆದರೆ ಸ್ಥಳ ಪರಿಶೀಲನೆ ಆಗದೆ ಕೊಡೋ ಹಾಗಿಲ್ಲ. ಈ ಸಲ ಅತಿಯಾದ ಉತ್ಸಾಹ ಬೇಡ ಅಂತ ಅಪ್ಪಣೆಯಾಗಿದೆ.”

ಕೆಳತೋಟದಿಂದ ಹಳ್ಳದ ಗುಂಟ ಮೇಲಕ್ಕೆ ನಡೆದೆವು. ಅಲ್ಲಲ್ಲಿ ನಿಂತು ಬಾಟಲಿ ತುಂಬಿ, ಚೀಟಿ ಬರೆದು, ರುದ್ರಪ್ಪನವರಿಂದ ರುಜು ಹಾಕಿಸಿಕೊಂಡೆ. ಕಾನೂನು ರುಜು ಕೇಳುತ್ತಿರಲಿಲ್ಲ, ನಾನು ಕೇಳುತ್ತಿದ್ದೆ. ಕಲ್ಲಾರೆಯಲ್ಲಿ ದೇವಮ್ಮ ಜಗಲಿಯ ಮೇಲೆ ಕೂತಿದ್ದಳು. ಒಳಗೆ ಎಳೆಮಗುವಿನ ಅಳು; ಕಿರಿಮಗಳ ಬಾಣಂತನ.

“ಏನು ಸಾವ್ಕಾರ್ರು ನಡ್ಕೊಂಡು ಬಂದ್ಬಿಟ್ರಿ? ಕಾರು ಜಾರಿ ಹಳ್ಳಕ್ಕೆ ಬಿತ್ತಾ?”

“ನಿಮ್ಮ ಎಮ್ಮೆ ಎಲ್ಲಮ್ಮ?” ಎಂದರು ರುದ್ರಪ್ಪನವರು.

“ಎಮ್ಮೆ ಈ ನೀರಿಗೆ ಇಳಿಯಲ್ಲ ಸ್ವಾಮಿ. ಅದಕ್ಕೆ ಬುದ್ಧಿ ಐತೆ.”

ಮೂಗಿಗೆ ಶಲ್ಯ ಒತ್ತಿಕೊಂಡು ಅವರು ಮುಂದೆ ನಡೆದರು. ಐದನೆಯ ಬಾಟಲಿ ಊರಿನ ಮೇಲೆ, ಆರನೆಯದು ಮೇಲ್ತೋಟದ ಬೇಲಿಯ ಹತ್ತಿರ. ಅಲ್ಲಿ ಬೇಲಿಯಡಿಯಿಂದ ಒಂದು ದಪ್ಪ ಪೈಪು ಹೊರಟು, ಕೆಂಪು ಸಿಪ್ಪೆ ಬೆರೆತ ಲೋಳೆಯನ್ನು ಹಳ್ಳಕ್ಕೆ ಕಕ್ಕುತ್ತಿತ್ತು. ಅದರಿಂದ ಮೇಲಕ್ಕೆ ನೀರು ಎಳನೀರು.

ಪಾಪ, ಶಿವಲಿಂಗುವೇ ಬಾಯಿಬಿಟ್ಟ.

“ಮಾವನೋರೆ, ಇದು ನಮ್ಮನೆ ಪೈಪೇ ಅಲ್ವಾ?”

ರುದ್ರಪ್ಪನವರ ಮುಖದಲ್ಲಿ ವಿಭೂತಿಗೂ ಚರ್ಮಕ್ಕೂ ಬಣ್ಣದ ವ್ಯತ್ಯಾಸ ಉಳಿದಿರಲಿಲ್ಲ. ನನ್ನ ಕಡೆ ತಿರುಗಿದರು. “ನಿಮಗೆ ಗೊತ್ತಿತ್ತು. ಮೊದಲೇ ಹೇಳಬಾರದಿತ್ತೇನ್ರೀ?”

“ಹೇಳಿದ್ದೆ ಸ್ವಾಮಿ. ನೀವು ಅದನ್ನ ಕಕ್ಕಸಿನ ಬಾಗಿಲಿಗೆ ಅಂಟಿಸಿದ್ರಿ.” ಜೇಬಿನಿಂದ ಮಡಿಸಿದ ನೋಟೀಸು ತೆಗೆದು ಕೊಟ್ಟೆ. “ತಾರೀಖು ಮಾತ್ರ ತಿದ್ದಿದೀನಿ.”

ನನ್ನ ನೌಕರಿಯಲ್ಲಿ ಅದಕ್ಕಿಂತ ಸುಖದ ಗಳಿಗೆ ಮತ್ತೆ ಬರಲಿಲ್ಲ. ಪೆನ್ಷನ್ ಆದೇಶ ಕೈಗೆ ಬಂದ ದಿನವನ್ನೂ ಸೇರಿಸಿ ಹೇಳುತ್ತಿದ್ದೇನೆ. ಗುಂಡಿಗೆ ನಾಳೆಯಿಂದಲೇ ಆಳು ಹಚ್ಚುತ್ತೇನೆ ಎಂದು ಅವರು ಅಳಿಯನ ಎದುರಿಗೇ ಒಪ್ಪಿದರು.

ಈ ಶುಭವಾರ್ತೆಯನ್ನು ಹೊತ್ತು ಹಾಡು ಗುನುಗುತ್ತ ದೇವಮ್ಮನ ಜಗಲಿಗೆ ಬಂದೆ. ನಡೆದದ್ದನ್ನೆಲ್ಲ ರಸವತ್ತಾಗಿ ವರ್ಣಿಸಿದೆ: ಏಪ್ರಿಲಿನ ಬೊಗಸೆ ನೀರು, ನಾನು ಲಗತ್ತಿಸಿದ ಪತ್ರ, ಎಂಟು ತಿಂಗಳ ಮೌನ. ಅವಳು ನಗಲಿಲ್ಲ. ಏಳಲೂ ಇಲ್ಲ. ಆಗ ಅವಳ ಸೊಂಟಕ್ಕೆ ಸೊಪ್ಪು ಅರೆದು ಕಟ್ಟಿದ್ದ ಬಟ್ಟೆ ಕಂಡಿತು.

“ಏನಾಯ್ತಮ್ಮ?”

“ನಾಕು ದಿನ ಆಯ್ತು. ಒರತೆಯಿಂದ ಬರ್ತಾ ಬಂಡೆ ಮೇಲೆ ಜಾರ್ದೆ. ಕೊಡ ಉಳೀತು.” ಆಮೇಲೆ ಕೇಳಿದಳು, “ಹಂಗಾದ್ರೆ ಯುಗಾದಿ ಹೊತ್ಗೇ ಗೊತ್ತಿತ್ತಾ ನಿಮ್ಗೆ? ಅವತ್ತೇ ಬಾಯಿಬಿಟ್ಟಿದ್ರೆ ಅಳಿಯನ ಫಸಲಿಗೋಸ್ಕರನಾದ್ರೂ ಗುಂಡಿ ತೋಡ್ತಿದ್ದನಾ ಅವ್ನು?”

“ತೋಡ್ತಿದ್ರು ಅನ್ಸುತ್ತೆ.”

“ಹೂಂ. ಅವ್ನು ನಿಮ್ಮ ಕಾಗದಾನ ಕಕ್ಕಸಿಗೆ ಅಂಟಿಸ್ದ. ನೀವು ಅದ್ನ ನನ್ನ ಸೊಂಟಕ್ಕೆ ಅಂಟಿಸಿದ್ರಿ.” ಮೂಲೆಯಲ್ಲಿದ್ದ ಎರಡು ತಾಮ್ರದ ಕೊಡಗಳ ಕಡೆ ಗದ್ದ ಎತ್ತಿದಳು. “ಗುಂಡಿ ಮುಗಿಯೋಗಂಟ ಮಗಳಿಗೆ ಎರಿಯೋ ನೀರು ನಿಮ್ದು. ಪ್ಯಾಂಟು ಮಡಿಸ್ಕೊಳಪ್ಪ, ದಾರಿ ಜಾರ್ತದೆ.”

ಅವಳ ಆದೇಶದ ಮೇಲೆ ಅಪೀಲಿಗೆ ಅವಕಾಶವಿರಲಿಲ್ಲ. ಮೊದಲ ದಿನ ಕಲ್ಲಾರೆಯ ಹೆಂಗಸರು ದಾರಿಯ ಎರಡೂ ಬದಿ ನಿಂತು ನೋಡಿದರು. ಮೂರನೆಯ ದಿನ ಮೇಲ್ತೋಟದ ರೈಟರು ಎದುರಾಗಿ, ನನ್ನ ಹೆಗಲ ಮೇಲಿನ ಕೊಡವನ್ನೂ ಬರಿಗಾಲನ್ನೂ ಕಂಡು, ಟೋಪಿ ತೆಗೆದು ಪಕ್ಕಕ್ಕೆ ಸರಿದ. ನಕ್ಕಿದ್ದರೆ ಇನ್ನೊಂದು ನೋಟೀಸು ಬರೆಯುತ್ತಿದ್ದೆ.

ಮೂವತ್ತು ವರ್ಷಗಳ ನೌಕರಿ ಕಲಿಸಿದ್ದು ಇಷ್ಟು: ಕೊಳೆನೀರಿನಂತೆ ಸೇಡನ್ನೂ ಗುಂಡಿ ತೋಡಿಕೊಂಡೇ ಬಿಡಬೇಕು. ಇಲ್ಲದಿದ್ದರೆ ಮೇಲಿನವರ ಮೇಲೆ ಬಿಟ್ಟದ್ದು ಹರಿಯುವುದು ಕೆಳಗಿನವರ ಮನೆಗೇ.

ಗುಂಡಿಗಳು ಮುಗಿಯಲು ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟು ದಿನವೂ ನೀರು ನಾನೇ ಹೊತ್ತೆ. ಜನವರಿ ಮುಗಿಯುವಷ್ಟರಲ್ಲಿ ಹಳ್ಳ ತಿಳಿಯಾಯಿತು. ದೇವಮ್ಮನ ಸೊಂಟ ಸರಿಹೋಗಲಿಲ್ಲ.