ಡೊಲೀನಾ ನೋಡದ ಬೆಟ್ಟ

ರಾತ್ರಿಯಿಡೀ ಬೀಸಿದ ಪಡುವಣ ಕಡಲಗಾಳಿ ಬೆಳಕು ಹರಿಯುವ ಹೊತ್ತಿಗೆ ತಣ್ಣಗಾಗಿದೆ. ಆರ್ಡ್‌ವೋರ್ ಬಂಗಲೆಯ ಕಿಟಕಿಗಳ ಪರದೆ ಇನ್ನೂ ಸರಿದಿಲ್ಲ. ಹಿಂದಿನ ಕಾಡುತೋಟದಲ್ಲಿ ಡೊಲೀನಾ ಮೆಕ್‌ಫೀ ರಬ್ಬರ್ ಪೈಪು ಹಿಡಿದು ಮರಗಳಿಗೆ ಸ್ನಾನ ಮಾಡಿಸುತ್ತಿದ್ದಾರೆ. ಮೊಳಕೈಯುದ್ದದ ಎಲೆಯೊಂದನ್ನು ಬಗ್ಗಿಸಿ ಅದರ ಅಂಚನ್ನು ನಾಲಿಗೆಗೆ ತಾಗಿಸಿ ನೋಡುತ್ತಾರೆ. "ಇನ್ನೂ ಉಪ್ಪುಪ್ಪು. ಬಿಸಿಲೇರೋದ್ರೊಳಗೆ ತೊಳೀದಿದ್ರೆ ಸುಟ್ಟು ಕರಕಲಾಗ್ತವೆ, ಪಾಪ."

ಉತ್ತರದ ಚಳಿಗಡಲಿನ ಈ ಸ್ಕಾರ್ವೆ ದ್ವೀಪದಲ್ಲಿ ಬೇರೆಲ್ಲೂ ಮರ ಕಾಣದು. ಕಲ್ಲು, ಕುರಿ, ಕುರುಚಲು, ಸುತ್ತ ಸಮುದ್ರ. ಈ ಬಂಗಲೆಯ ಹಿಂದಿನ ಕಣಿವೆಯಲ್ಲಿ ಮಾತ್ರ, ಯಜಮಾನರ ಅಜ್ಜ ಸಿಕ್ಕಿಂನಿಂದ ತರಿಸಿದ ಬೀಜಗಳಿಂದ ಎದ್ದ ರೋಡೋಡೆಂಡ್ರನ್ ಮರಗಳು ವಸಂತ ಬಂದರೆ ಕೆಂಪಗೆ, ಕೆನೆಬಣ್ಣಕ್ಕೆ ಹೂ ಬಿಡುತ್ತವೆ. ಡೊಲೀನಾರ ಅಪ್ಪ ಇದೇ ಜಮೀನಿನ ಕುರಿ ಕಾಯುತ್ತಿದ್ದರು, ಅಮ್ಮ ಬಂಗಲೆಯ ಬಟ್ಟೆ ಒಗೆಯುತ್ತಿದ್ದರು. ಶಾಲೆ ಬಿಟ್ಟ ಹುಡುಗಿ ತೋಟಕ್ಕೆ ಬಂದಳು. ಮೊದಮೊದಲು ದಡದಿಂದ ಕಡಲಪಾಚಿ ಹೊತ್ತು ತಂದು ಗೊಬ್ಬರ ಹಾಕುವುದಷ್ಟೇ ಕೆಲಸ. ಚಳಿಗೆ ಬೆರಳು ಬಾತು ಒಡೆಯುತ್ತಿದ್ದವು. "ಬುಟ್ಟಿ ನೀರು ಬೆನ್ನ ಮೇಲೇ ಸೋರೋದು. ಚರ್ಚಲ್ಲಿ ನನ್ನ ಪಕ್ಕ ಯಾರೂ ಕೂರ್ತಿರ್ಲಿಲ್ಲ, ಅಷ್ಟು ನಾತ!" ಎಂದು ನಗುತ್ತಾರೆ.

ಆಕೆಗೆ ಮೂವತ್ತಾದಾಗ ಮನೆಯೊಡತಿ ಮಿಸೆಸ್ ಕಾರ್ಸ್‌ವೆಲ್ ಬೀಜ ಸಂಗ್ರಹಕ್ಕೆ ಸಿಕ್ಕಿಂಗೆ ಹೊರಟರು. "ನೀನೂ ಬಾರೇ, ನಿನ್ನ ಮರಗಳ ತವರು ನೋಡ್ಕೊಂಡು ಬರೋಣ" ಎಂದರು. ಡೊಲೀನಾ ಪಾಸ್‌ಪೋರ್ಟ್ ಮಾಡಿಸಿದರು. ಬೆಟ್ಟ ಹತ್ತುವ ಬೂಟು ಕೊಂಡು ಅಡುಗೆಮನೆಯಲ್ಲೇ ಹಾಕಿಕೊಂಡು ಓಡಾಡಿ ಪಳಗಿಸಿದರು. ಆ ಚಳಿಗಾಲದ ಬಿರುಗಾಳಿಗೆ ತೋಟವನ್ನು ಕಾಯುತ್ತಿದ್ದ ಪೈನ್ ಮರಗಳ ಸಾಲು ಪೂರ್ತಿ ಮಗುಚಿಬಿತ್ತು. ಕಣಿವೆ ಕಡಲಿಗೆ ಬಾಯ್ದೆರೆದು ನಿಂತಿತು. ಇನ್ನೊಂದು ಉಪ್ಪುಗಾಳಿ ಬಂದರೆ ಅಜ್ಜನ ಕಾಲದ್ದೆಲ್ಲ ಮುಗಿದಂತೆ.

"ನಾನು ಬರಲ್ಲ ಅಮ್ಮಾವ್ರೇ" ಎಂದು ಡೊಲೀನಾ ಹೋಗಿ ಹೇಳಿದರು.

"ಹುಚ್ಚಿ, ಮರ ಮತ್ತೆ ಬೆಳೆಯುತ್ತೆ. ಇಂಥ ಅವಕಾಶ ಮತ್ತೆ ಬರಲ್ಲ."

"ಗೊತ್ತು. ಅದಕ್ಕೇ ಅಳು ಬರ್ತಿದೆ."

ಹಡಗುಕಟ್ಟೆಯಲ್ಲಿ ಕೆಲಸಕ್ಕಿದ್ದ ತಮ್ಮ ಲಾಕ್ಲನ್‌ನನ್ನು ಹಿಡಿದು ಮೀನುಗಾರರ ಹಳೇ ಬಲೆಗಳನ್ನು ಬೇಡಿ ತಂದರು. ಬಿದ್ದ ಸಾಲಿನುದ್ದಕ್ಕೂ ಕಂಬ ನೆಟ್ಟು ಬಲೆ ಬಿಗಿದರು. "ಗಾಳಿ ಹಿಡಿದು ಸಂತೇಲಿ ಮಾರ್ತೀಯೇನೇ?" ಎಂದು ಲಾಕ್ಲನ್ ರೇಗಿಸಿದ. ಬಲೆ ಹರಿದಾಗಲೆಲ್ಲ ಅಕ್ಕನಿಗಿಂತ ಮೊದಲು ಸೂಜಿ ಹಿಡಿದು ಕೂತವನೂ ಅವನೇ. ಬಲೆಯ ಮರೆಯಲ್ಲಿ ನೆಟ್ಟ ಹೊಸ ಪೈನ್ ಸಸಿಗಳು ಎದೆಯೆತ್ತರ ಬರುವಷ್ಟರಲ್ಲಿ ಹಲವು ಚಳಿಗಾಲ ಕಳೆದವು. ಕೆಲವು ಹಳೆಯ ಮರಗಳು ಸತ್ತವು, ಬಹುಪಾಲು ಉಳಿದವು. ಮಿಸೆಸ್ ಕಾರ್ಸ್‌ವೆಲ್ ಸಿಕ್ಕಿಂನಿಂದ ತಂದ ಫೋಟೋದಲ್ಲಿ ಮೋಡದ ನಡುವೆ ಇಡೀ ಬೆಟ್ಟವೇ ಕೆಂಪಗಿತ್ತು. ಅದನ್ನು ನೋಡಿದ ದಿನ ಡೊಲೀನಾ ಊಟ ಮಾಡಲಿಲ್ಲ. ಮತ್ತೊಮ್ಮೆ ಇಬ್ಬರೂ ಹೋಗುವ ಮಾತು ಆಗಾಗ ಬರುತ್ತಿತ್ತು. ಆದರೆ ಅಷ್ಟರಲ್ಲಿ ಮನೆಯೊಡತಿ ಹಾಸಿಗೆ ಹಿಡಿದರು, ಮತ್ತೆ ಏಳಲಿಲ್ಲ.

ಈಗ ಬೇಸಿಗೆಯಲ್ಲಿ ತೋಟ ನೋಡಲು ಹಡಗಿನ ತುಂಬ ಜನ ಬರುತ್ತಾರೆ. ಹೋದ ತಿಂಗಳು ಒಬ್ಬಾಕೆ ಕಳೆ ಕೀಳುತ್ತಿದ್ದ ಡೊಲೀನಾರನ್ನೇ ನಿಲ್ಲಿಸಿ, "ಎಷ್ಟು ಚೆಂದ, ಎಲ್ಲ ತಾನಾಗೇ ಬೆಳೆದ ಕಾಡಲ್ವಾ?" ಎಂದರಂತೆ. "'ಹೌದಮ್ಮಾ, ತಾನಾಗೇ' ಅಂದೆ. ಆ ಮಾತಿಗೆ ಒಂದು ವಾರ ಖುಷಿಯಾಗಿದ್ದೆ!"

ಹತ್ತೂವರೆಯ ಚಹಾಕ್ಕೆ ಲಾಕ್ಲನ್ ಬಂದು ಓಟ್ಸ್ ರೊಟ್ಟಿಗೆ ಬೆಣ್ಣೆ ಬಳಿಯುತ್ತಾ ಹಳೇ ರಾಗ ತೆಗೆಯುತ್ತಾನೆ. "ಮುಂದಿನ ವರ್ಷ ಕೆಲಸ ಬಿಡ್ತೀಯಲ್ಲ, ಸಿಕ್ಕಿಂಗೆ ಹೋಗಿ ಬಾರೇ ಮಾರಾಯ್ತಿ. ನೀರು ನಾನು ಬಿಡ್ತೀನಿ."

"ನೀನಾ? ಟೊಮೇಟೊ ಗಿಡ ಸಾಯಿಸಿದೋನು!" ಎಂದು ಡೊಲೀನಾ ಗದರುತ್ತಾರೆ. ಆಮೇಲೆ ಮಂಡಿ ನೀವಿಕೊಳ್ಳುತ್ತಾರೆ.

"ಬೆಟ್ಟ ಹತ್ತೋದೆಲ್ಲ ಇನ್ನು ಆಗಲ್ಲ. ಕೆಳಗೆ ರಸ್ತೆ ಪಕ್ಕ ಒಂದು ಕುರ್ಚಿ ಹಾಕ್ಕೊಟ್ರೆ ಸಾಕು. ನಾನು ಹತ್ರ ಇಲ್ದೆ, ಯಾರೂ ಗಾಳಿಗೆ ಅಡ್ಡ ನಿಲ್ದೆ, ಆ ಮರಗಳು ಅಲ್ಲಿ ಹೇಗಿರ್ತವೆ ಅಂತ ಒಂದೇ ಒಂದ್ಸಲ ನೋಡಬೇಕು."