ಆಧಾರ ಕೇಳುವ ಶಾಂತರಾಜು ಮೇಷ್ಟ್ರು
ಯಳಂದೂರಿನ ಶಾಂತರಾಜು ಮೇಷ್ಟ್ರಿಗೆ ಆಧಾರವಿಲ್ಲದೆ ಅನ್ನವೂ ಗಂಟಲಲ್ಲಿ ಇಳಿಯದು. ಬೆಟ್ಟದ ಬಸ್ಸು ಕಾಲ ಮೇಲೇ ಹತ್ತಿದರೂ ವೇಳಾಪಟ್ಟಿ ನೋಡದೆ "ಬಂತು" ಎನ್ನುವವರಲ್ಲ. ಅಂತರ್ಜಾಲದ ವಿಶ್ವಕೋಶಕ್ಕೆ ತಾವಾಗಿಯೇ ಕಾವಲು ನಿಂತವರು. ಹನೂರು ಸೀಮೆಯ ಹಾಸ್ಯನಟ ದಿವಂಗತ ಗುರುಪಾದಸ್ವಾಮಿಯ ಪುಟದಿಂದ, ಯಾವ ಪತ್ರಿಕೆಯಲ್ಲೂ ಬಂದಿಲ್ಲವೆಂದು, ಆತನ ಮೀಸೆಯನ್ನೇ ಅಳಿಸಿಹಾಕಿದ್ದರು. ಒಂದು ದಿನ ನಟನ ಹೆಂಡತಿ ಚನ್ನಾಜಮ್ಮ ತಮ್ಮೂರು ಕೌದಳ್ಳಿಯಿಂದ ಮೇಷ್ಟ್ರ ಮನೆಗೇ ಬಂದು ಕೂತರು. "ಮಗ ತೀರ್ಕಂಡಾಗ ನನ್ನ ನಗ್ಸಕೆ ಅವ್ರು ಒಂದ್ ವರ್ಸ ಒದ್ದಾಡುದ್ರು ಸಾ. ಕೊನ್ಗೂ ನಗ್ಸುದ್ರು. ಅದ ಬರೀರಿ." "ಆಧಾರ ಬೇಕಲ್ಲವ್ವಾ." "ನಕ್ಕವ್ಳು ನಾನೇ ಕುಂತಿವ್ನಲ್ಲ ಸಾ." ಮೇಷ್ಟ್ರು ಬರೆದರು. ಆ ಸಾಲನ್ನು ಬೇರೆ ಯಾರೋ ಸಂಪಾದಕರು ದಿನವೂ ಅಳಿಸುತ್ತಾರೆ. ಮೇಷ್ಟ್ರು ದಿನವೂ ಕಾಫಿಗೆ ಮೊದಲೇ ಮತ್ತೆ ಸೇರಿಸಿ, ಆಧಾರದ ಜಾಗದಲ್ಲಿ "ಚನ್ನಾಜಮ್ಮ, ಕೌದಳ್ಳಿ" ಎಂದು ಬರೆಯುತ್ತಾರೆ.